16 ವರ್ಷದ ಹಳೇ ಸ್ಪೀಕರಿಗೊಂದು ರಿವ್ಯೂ

ಹೊಸ ಫೋನೋ ಇಯರ್‌ಬಡ್ಡೋ ಮಾರುಕಟ್ಟೆಗೆ ಬಂದ ವಾರದೊಳಗೆ ಹತ್ತಾರು ರಿವ್ಯೂ ಬಂದುಬಿಡುತ್ತವೆ. ಡಬ್ಬ ಬಿಚ್ಚೋದನ್ನೂ ವಿಡಿಯೊ ಮಾಡಿ ಹಾಕ್ತಾರೆ. ಅದೇ ಸಾಮಾನು ಹದಿನೈದು ವರ್ಷ ಬಾಳಿದ ಮೇಲೆ ಹೇಗಿದೆ ಅಂತ ಮಾತ್ರ ಯಾರೂ ಬರೆಯಲ್ಲ. ಆ ಕೆಲಸ ನಾನು ಮಾಡ್ತೀನಿ. ಇದು 2007ರಲ್ಲಿ ಕೊಂಡ ಒಂದು 2.1 ಡೆಸ್ಕ್‌ಟಾಪ್ ಸ್ಪೀಕರಿನ ರಿವ್ಯೂ. ಬರೀತಿರೋದು 2023ರಲ್ಲಿ.

ಆಗ ನಾನು ಹಾಸನದಲ್ಲಿ ಬಿಇ ಎರಡನೇ ವರ್ಷ. ಆ ವರ್ಷದ ಕೊಬ್ಬರಿ ದುಡ್ಡಲ್ಲಿ ಕಂಪ್ಯೂಟರ್ ಕೊಡಿಸೋಕೆ ಅಪ್ಪ ನನ್ನ ಜೊತೆ ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದಿದ್ದರು. ಎಲ್ಲ ಆದ ಮೇಲೆ ಅಂಗಡಿಯವನು ಸ್ಪೀಕರ್ ತೋರಿಸಿದ. ಕೆಳಗಿಡೋಕೆ ಮರದ ಡಬ್ಬದ ಸಬ್‌ವೂಫರ್, ಮೇಜಿನ ಮೇಲಿಡೋಕೆ ಎರಡು ಪುಟ್ಟ ಸ್ಪೀಕರ್. "ಓದೋಕೆ ಇದೂ ಬೇಕೇನಪ್ಪ?" ಅಂತ ಅಪ್ಪ ಕೇಳಿದರು. ಬೇಕು ಅಂದೆ. ಇಂಜಿನಿಯರಿಂಗ್ ಹೆಸರಲ್ಲಿ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ನನಗೆ ಬೇಕಿದ್ದದ್ದು ಬೇಸ್.

ಡೆಸ್ಕ್‌ಟಾಪ್ ಸತ್ತು ಬಹಳ ವರ್ಷವಾಯ್ತು. ಸ್ಪೀಕರ್ ಊರಿನ ಮನೆ ಅಟ್ಟ ಸೇರಿತ್ತು. ಈ ಸಲ ಆಯುಧಪೂಜೆಗೆ ಹೋದಾಗ ಅವ್ವ ಅಟ್ಟ ಗುಡಿಸಿ, ಗುಜರಿಯವನಿಗೆ ಕೊಡೋ ಸಾಮಾನನ್ನೆಲ್ಲ ಜಗಲಿ ಮೇಲೆ ಸಾಲಾಗಿ ಇಟ್ಟಿದ್ದಳು. ತೂತಾದ ಬಿಂದಿಗೆ ಪಕ್ಕದಲ್ಲಿ ನನ್ನ ಸಬ್‌ವೂಫರ್.

"ಇದು ಕೆಟ್ಟೋಗಿದ್ಯೇನವ್ವ?"

"ಯಾರಿಗ್ಗೊತ್ತು, ಹಾಕೋಕೆ ಕಂಪ್ಯೂಟ್ರೇ ಇಲ್ವಲ್ಲ."

ನಾವು ಎಸೆಯೋ ಅರ್ಧ ಎಲೆಕ್ಟ್ರಾನಿಕ್ ಸಾಮಾನಿನ ಕಥೆ ಅವ್ವನ ಈ ಒಂದು ಮಾತಲ್ಲಿದೆ. ಸಾಮಾನು ಕೆಟ್ಟಿರಲ್ಲ, ಅದನ್ನ ಚುಚ್ಚೋ ಜಾಗ ಹೋಗಿರುತ್ತೆ.

ಒರೆಸಿ ನೋಡಿದೆ. ಹಿಂದಿನ ಚೀಟಿಯಲ್ಲಿ 'ಮ್ಯಾಗ್ನೆಟಿಕಲಿ ಶೀಲ್ಡೆಡ್' ಅಂತ ಇತ್ತು. ಆಗಿನ ದಪ್ಪ ಮಾನಿಟರಿನ ಪಕ್ಕ ಅಯಸ್ಕಾಂತ ಇಟ್ಟರೆ ಪರದೆ ಮೇಲೆ ಬಣ್ಣದ ಕಲೆ ಬರುತ್ತಿತ್ತು, ಅದಕ್ಕೆ ಈ ರಕ್ಷಣೆ. ವೈರಿನ ತುದಿಯಲ್ಲಿ ಹಸಿರು ಪಿನ್. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ತಂದ 'ಪಿಸಿ 99' ಅನ್ನೋ ವಿನ್ಯಾಸದ ನಿಯಮಗಳಲ್ಲಿ ಸ್ಪೀಕರಿಗೆ ನಿಂಬೆಹಸಿರು, ಮೈಕಿಗೆ ಗುಲಾಬಿ ಅಂತ ಬಣ್ಣ ಗೊತ್ತುಮಾಡಿದ್ದರು. ಇಂಗ್ಲಿಷ್ ಬಾರದ ನಮ್ಮ ಅಪ್ಪ ಕೂಡ ಹಸಿರಿಗೆ ಹಸಿರು ಸೇರಿಸಿ ಹಾಡು ಹಾಕಬಹುದಿತ್ತು. ಪಿನ್ನಿನ ವಂಶ ಇನ್ನೂ ಹಳೇದು. 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳ ಕಾಲಿಂಚಿನ ಪಿನ್ನಿನ ಮರಿಮಗ ಈ 3.5 ಮಿಮೀ ಪಿನ್. 1979ರ ವಾಕ್‌ಮನ್‌ನಲ್ಲೂ ಇದಕ್ಕೆ ಜಾಗ ಇತ್ತು. 2016ರಲ್ಲಿ ಐಫೋನ್ 7 ಈ ತೂತನ್ನ ಮುಚ್ಚಿತು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಮುಚ್ಚಿದರು. ನನ್ನ ಆಫೀಸ್ ಲ್ಯಾಪ್‌ಟಾಪಲ್ಲಿ ಇರೋದು ಬರೀ ಯುಎಸ್‌ಬಿ-ಸಿ. ಆದರೆ ಅಪ್ಪ ಅವ್ವನಿಗೆ ಅಂತ ಊರಲ್ಲಿ ಬಿಟ್ಟಿದ್ದ ನನ್ನ ಹಳೇ ಲ್ಯಾಪ್‌ಟಾಪಲ್ಲಿ ತೂತು ಇನ್ನೂ ಇದೆ. ಚುಚ್ಚಿದೆ. ಯಾವ ಸಾಧನ ಹಾಕಿದಿರಿ ಅಂತ ಅದೊಂದು ಪ್ರಶ್ನೆ ಕೇಳಿತು. 'ಸ್ಪೀಕರ್' ಆರಿಸಿದೆ. ಬಂತು ಸದ್ದು.

ಮೊದಲು ಹಾಕಿದ್ದು 'ಪ್ರೇಮಲೋಕ'. ಹಂಸಲೇಖ ಅವರ ಆ ಹಾಡುಗಳನ್ನ ನಾನು ಐದಾರು ವರ್ಷದಿಂದ ಲ್ಯಾಪ್‌ಟಾಪ್ ಸ್ಪೀಕರಲ್ಲೇ ಕೇಳ್ತಿದ್ದೆ. ಅಷ್ಟು ವರ್ಷ ಅರ್ಧ ಹಾಡು ಮಾತ್ರ ಕೇಳಿದ್ದೆ ಅಂತ ಆಗ ಗೊತ್ತಾಯ್ತು. ಕೆಳಸ್ವರ ಹೊರಡಿಸೋಕೆ ಬಹಳ ಗಾಳಿ ತಳ್ಳಬೇಕು. ತೆಳ್ಳಗಿನ ಲ್ಯಾಪ್‌ಟಾಪಿನ ಬೆರಳಗಲದ ಸ್ಪೀಕರಿಗೆ ಆ ತಾಕತ್ತಿಲ್ಲ. ಬೇಸ್ ಗಿಟಾರ್ ಎಲ್ಲಿರಬೇಕಿತ್ತು ಅಂತ ನಮ್ಮ ಮಿದುಳೇ ಊಹಿಸಿಕೊಂಡು ತುಂಬಿಸುತ್ತೆ. ನಾವು ಅದನ್ನ ಕೇಳಿದೆವು ಅಂದುಕೊಳ್ತೀವಿ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಈ ಸ್ಪೀಕರಿನ ಡಬ್ಬದ ಮೇಲೆ '1000 ವ್ಯಾಟ್ ಪಿಎಂಪಿಒ' ಅಂತ ಬರೆದಿತ್ತು. ಹಿಂದಿನ ಚೀಟಿ ಪ್ರಕಾರ ಇದು ಗೋಡೆಯಿಂದ ಎಳೆಯೋದೇ 30 ವ್ಯಾಟ್. ಪಿಎಂಪಿಒ ಅನ್ನೋದು ಮಾರಾಟದವರ ಲೆಕ್ಕ, ನಿಜವಾದ ಲೆಕ್ಕ ಆರ್‌ಎಂಎಸ್. ಬೇಸ್ ಕೂಡ ಅಷ್ಟೇ. ಡೊಳ್ಳು ಬಡಿದರೂ ಗುಂ, ತಬಲ ನುಡಿಸಿದರೂ ಅದೇ ಗುಂ. ಹಾಸ್ಟೆಲ್ ಹುಡುಗರಿಗೆ ಇಷ್ಟವಾಗಲಿ ಅಂತ ಮಾಡಿದ ಗುಂ ಅದು.

ವಯಸ್ಸಿನ ರೋಗಗಳೂ ಇವೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ, ಒಳಗಿನ ಪಟ್ಟಿಗೆ ಧೂಳು ಹಿಡಿದಿರುತ್ತೆ. ಪ್ಲಗ್ ತೆಗೆದು, ಗುಂಡಿಯನ್ನ ಆ ಕೊನೆಯಿಂದ ಈ ಕೊನೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಬಹಳಷ್ಟು ಸಲ ಹೋಗುತ್ತೆ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಅಂತ ಸ್ಪ್ರೇ ಸಿಗುತ್ತೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ ಕೂಡಲೇ ಸ್ಪೀಕರಲ್ಲಿ ಗುಂಯ್ ಅಂದರೆ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಎರಡು ಪ್ಲಗ್ಗುಗಳ ನಡುವಿನ ಅರ್ಥಿಂಗ್ ಗಲಾಟೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಕಡಿಮೆಯಾಗುತ್ತೆ. ಅರ್ಥ್ ಪಿನ್ ಮುರಿಯೋ ಬುದ್ಧಿವಂತಿಕೆ ಮಾತ್ರ ಮಾಡಬೇಡಿ, ಅದು ಜೀವ ಉಳಿಸೋ ಪಿನ್.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಮಧ್ಯವಯಸ್ಸಿನತ್ತ ಹೊರಟ ಇಂಜಿನಿಯರಿನ ಹಳಹಳಿಕೆ ಆಗ್ತಿತ್ತು. ಆದರೆ ಅವತ್ತು ಸಂಜೆ ಪುಣೆಯಿಂದ ತಂಗಿ ವಿಡಿಯೊ ಕಾಲ್ ಮಾಡಿದಳು.

ಭಾನುವಾರ ಭಾನುವಾರ ನಾನೂ ಹೀಗೇ ಬೆಂಗಳೂರಿಂದ ಕಾಲ್ ಮಾಡ್ತೀನಿ. ಅಪ್ಪ ಎಲ್ಲದಕ್ಕೂ "ಹೂಂ ಹೂಂ" ಅಂತಾರೆ, ಎರಡು ನಿಮಿಷಕ್ಕೆ "ನಿಮ್ಮವ್ವನ ಹತ್ರ ಮಾತಾಡು" ಅಂತ ಎದ್ದು ಹೋಗ್ತಾರೆ. ಅಪ್ಪನಿಗೆ ನನ್ನ ಕೆಲಸ, ನನ್ನ ಬದುಕು ಬೇಸರ ಅಂತಲೇ ನಾನು ತೀರ್ಮಾನ ಮಾಡಿದ್ದೆ. ಒಳಗೊಳಗೆ ಸ್ವಲ್ಪ ಕೋಪವೂ ಇತ್ತು. ಅವತ್ತು ಮೊದಲ ಸಲ ಆ ಕಾಲನ್ನ ಅಪ್ಪನ ಕಡೆಯಿಂದ ನೋಡಿದೆ. ಕಾಲ್ ಬರೋ ಮೊದಲೇ ಅವ್ವ ಸ್ಪೀಕರಿನ ವೈರ್ ಕಿತ್ತು, ಲ್ಯಾಪ್‌ಟಾಪನ್ನ ಯಾವಾಗಲೂ ಇಡೋ ಜಾಗದಲ್ಲಿ, ಕಸೂತಿ ಹಾಕಿದ ದಪ್ಪ ಬಟ್ಟೆ ಮೇಲೆ ಇಟ್ಟಿದ್ದಳು. ಲ್ಯಾಪ್‌ಟಾಪಿನ ಸ್ಪೀಕರ್ ಇರೋದು ಕೆಳಗಡೆ, ಬಟ್ಟೆಗೆ ಮುಖಮಾಡಿ. ಅಪ್ಪ ಪರದೆಗೆ ಕಿವಿ ಕೊಟ್ಟು ಬಗ್ಗಿದ್ದರು. ತಂಗಿ ಮಗುವಿಗೆ ಜ್ವರ ಅಂದಳು. ಅಪ್ಪ ನಗುತ್ತಾ "ಹೂಂ ಹೂಂ" ಅಂದರು.

ನಾನು ಎದ್ದು ಹಸಿರು ಪಿನ್ ಚುಚ್ಚಿದೆ. ಎರಡು ಪುಟ್ಟ ಸ್ಪೀಕರನ್ನ ಅಪ್ಪನ ಕಿವಿಯ ಎತ್ತರಕ್ಕೆ, ಅವರ ಕಡೆಗೇ ತಿರುಗಿಸಿ ಇಟ್ಟೆ. ಮಾತಾಡಿದ್ದು ಮತ್ತೆ ಮೈಕಿಗೆ ಹೋಗದಿರಲಿ ಅಂತ ಲ್ಯಾಪ್‌ಟಾಪನ್ನ ಸ್ವಲ್ಪ ಹಿಂದೆ ಸರಿಸಿದೆ. ಬೇಸ್ ಪೂರ್ತಿ ಇಳಿಸಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ ಸ್ವರಗಳನ್ನ. ಸ, ತ, ಕ ಇಂಥ ವ್ಯಂಜನಗಳ ಅಂಚು ಸವೆಯುತ್ತೆ. ಅದರ ಮೇಲೆ ಗುಂ ಅನ್ನೋ ಬೇಸ್ ಬಂದರೆ ಇದ್ದದ್ದೂ ಮುಳುಗುತ್ತೆ. ಯಾವ ಬೇಸ್‌ಗೆ ಸುಳ್ಳು ಹೇಳಿದ್ದೆನೋ ಅದು ಕೆಲಸಕ್ಕೆ ಬರಲಿಲ್ಲ. ನಾನು ಲೆಕ್ಕಕ್ಕೇ ಇಟ್ಟಿರದ ಪುಟ್ಟ ಸ್ಪೀಕರುಗಳು ಬಂದವು.

"ಜ್ವರ ಯಾವತ್ತಿಂದ?" ಅಂತ ಅಪ್ಪ ಕೇಳಿದರು. ಆಮೇಲೆ ಅರ್ಧ ಗಂಟೆ ಏಳಲಿಲ್ಲ.

ಹೋದ ವರ್ಷ ನಾನು ಕೊಡಿಸಿದ ಬ್ಲೂಟೂತ್ ಸ್ಪೀಕರ್ ಬೀರುವಿನಲ್ಲಿ ಡಬ್ಬದ ಸಮೇತ ಇದೆ. ಅದಕ್ಕೆ ಚಾರ್ಜ್ ಮಾಡಬೇಕು, ಜೋಡಿಸಬೇಕು, ಅದು ಬೇರೆ ಫೋನಿಗೆ ಹೋಗಿ ಅಂಟಿಕೊಂಡರೆ ಬಿಡಿಸಬೇಕು. ಒಳಗಿನ ಬ್ಯಾಟರಿ ಸತ್ತ ದಿನ ಅದೂ ಜಗಲಿ ಸೇರುತ್ತೆ. ಅದನ್ನ ಮಾಡಿದವರನ್ನಷ್ಟೇ ಬೈದರೆ ಸಾಲದು. ಆಫೀಸಲ್ಲಿ ನಾವೂ ಹಳೇ ಆವೃತ್ತಿಯ ಸಪೋರ್ಟ್ ನಿಲ್ಲಿಸೋ ಟಿಕೆಟ್‌ಗಳನ್ನ ನಗುನಗುತ್ತಾ ಕ್ಲೋಸ್ ಮಾಡ್ತೀವಿ. 'ಇದನ್ನ ಯಾರು ಬಳಸ್ತಾರೆ?' ಅಂತ ಮೀಟಿಂಗಲ್ಲಿ ಎಷ್ಟು ಸಲ ಕೇಳಿದ್ದೀನೋ. ಬಳಸೋವರು ಮೀಟಿಂಗಿನಲ್ಲಿ ಇರಲ್ಲ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಗುಜರಿಗೆ ಕೊಡೋ ಮೊದಲು ಒಮ್ಮೆ ಚುಚ್ಚಿ ನೋಡಿ. ಲ್ಯಾಪ್‌ಟಾಪಲ್ಲಿ ತೂತಿಲ್ಲದಿದ್ದರೆ ಪುಟ್ಟದೊಂದು ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಾಕು. ಡಿಎಸಿ ಇರೋದನ್ನೇ ಕೇಳಿ ತಗೊಳ್ಳಿ, ಬರೀ ವೈರಿನ ಕನ್ವರ್ಟರ್ ಎಲ್ಲ ಲ್ಯಾಪ್‌ಟಾಪಲ್ಲೂ ಕೆಲಸ ಮಾಡಲ್ಲ.

ಬೆಂಗಳೂರಿಗೆ ವಾಪಸ್ ಬಂದು ಮೊದಲ ಭಾನುವಾರ ಅಭ್ಯಾಸದಂತೆ ಜೋರು ದನಿಯಲ್ಲಿ "ಅಪ್ಪಾ, ಊಟ ಆಯ್ತಾ?" ಅಂದೆ.

"ಮೆತ್ತಗೆ ಮಾತಾಡಪ್ಪ," ಅಂದರು ಅಪ್ಪ, "ಪಕ್ಕದ್ಮನೆಗೂ ಕೇಳುಸ್ತದೆ."