ಬಿಡಿ ಮೊಳೆಗಳಲ್ಲಿ ಕೂಡುಬರಹ

ಅಚ್ಚುಕೂಟದ ಮೊಳೆಗಳೆಲ್ಲ ಬಿಡಿಬಿಡಿ. ಕೈಬರಹವೋ ಒಂದಕ್ಕೊಂದು ಹೆಣೆದುಕೊಂಡು ಓಡುವಂಥದ್ದು. ಈ ಎರಡನ್ನೂ ಒಂದು ಮಾಡಿದ್ದು ‘ಮಿಸ್ಟ್ರಾಲ್’ ಎಂಬ ಅಕ್ಷರವಿನ್ಯಾಸ. ಮಾರ್ಸೇಲ್ಸ್‌ನ ಫೊಂಡೆರಿ ಒಲಿವ್ ಎಂಬ ಮೊಳೆ ಎರಕದ ಸಂಸ್ಥೆ 1953ರಲ್ಲಿ ಇದನ್ನು ಹೊರತಂದಿತು. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ತಣ್ಣನೆಯ ಒಣಗಾಳಿಯ ಹೆಸರೇ ಇದರ ಹೆಸರು. ವಿನ್ಯಾಸಕಾರ ರೋಜೆ ಎಕ್ಸ್‌ಕೊಫಾನ್ ತಮ್ಮದೇ ಕೈಬರಹವನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು.

ನೋಡಿದರೆ ಅವಸರದಲ್ಲಿ ಗೀಚಿದಂತಿದೆ. ಒಳಗಿರುವುದು ಮಾತ್ರ ಬಲು ಬಿಗಿಯಾದ ಲೆಕ್ಕಾಚಾರ. ರೋಮನ್ ಲಿಪಿಯ 26 ಸಣ್ಣಕ್ಷರಗಳಲ್ಲಿ ಯಾವುದರ ಪಕ್ಕ ಯಾವುದು ಬೇಕಾದರೂ ಬರಬಹುದು. ಅಂದರೆ 676 ಜೋಡಿಗಳು. ಒಂದರ ಬಾಲ ಮುಗಿಯುವ ಎತ್ತರದಲ್ಲೇ ಮುಂದಿನದರ ಗೆರೆ ಶುರುವಾಗದಿದ್ದರೆ ಕೊಂಡಿ ಕಳಚಿ ಬೀಳುತ್ತದೆ. ಎಕ್ಸ್‌ಕೊಫಾನ್ ಗೆರೆಗಳ ಅಂಚನ್ನು ಒಣಗಿದ ಕುಂಚದಿಂದ ಎಳೆದ ಹಾಗೆ ತುಸು ಒರಟಾಗಿ ಉಳಿಸಿದರು. ಆ ಒರಟುತನದಲ್ಲಿ ಕೂಡುವ ಜಾಗ ಕಣ್ಣಿಗೆ ಬೀಳದೆ ಮರೆಯಾಗುತ್ತದೆ. ಈ ವಿನ್ಯಾಸದ ನಿಜವಾದ ಜಾಣ್ಮೆ ಇರುವುದು ಇಲ್ಲೇ.

ಬಳಸಿದವರೆಲ್ಲ ಇಷ್ಟು ಎಚ್ಚರ ವಹಿಸಲಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಇದು ಕಂಪ್ಯೂಟರುಗಳಿಗೆ ಬಂದಮೇಲೆ ಎಲ್ಲೆಂದರಲ್ಲಿ ಕಾಣಿಸಿಕೊಂಡಿತು. ಇಡೀ ಪದವನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಹಾಕಿದರೆ ಓಟ ಅಲ್ಲೇ ನಿಲ್ಲುತ್ತದೆ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ಕೊಂಡಿಗಳು ತುಂಡಾಗುತ್ತವೆ. ಸಣ್ಣ ಗಾತ್ರದಲ್ಲಿ ಪುಟ ತುಂಬಿಸಿದರಂತೂ ಓದುಗರ ಕಣ್ಣಿಗೆ ಹಿಂಸೆ.

ಇದಕ್ಕೆ ತಕ್ಕ ಜಾಗ ಸಿಕ್ಕಿದ್ದು 2011ರ ‘ಡ್ರೈವ್’ ಚಿತ್ರದಲ್ಲಿ. ನಿಕೊಲಾಸ್ ವಿಂಡಿಂಗ್ ರೆಫ್ನ್ ನಿರ್ದೇಶನದ ಈ ಚಿತ್ರದ ಶೀರ್ಷಿಕೆಗಳು ಲಾಸ್ ಏಂಜಲೀಸ್‌ನ ರಾತ್ರಿಯ ಮೇಲೆ ಢಾಳಾದ ಗುಲಾಬಿ ಬಣ್ಣದ ಮಿಸ್ಟ್ರಾಲ್‌ನಲ್ಲಿ ಮೂಡುತ್ತವೆ. ಒಂದೆರಡು ಪದ, ಸುತ್ತ ಬೇಕಾದಷ್ಟು ಕತ್ತಲು. ಓಟಕ್ಕೆ ಅಷ್ಟೇ ಬೇಕಿತ್ತು.

ಒಂದು ಕೊರತೆಯನ್ನು ಮಾತ್ರ ಒಪ್ಪಲೇಬೇಕು. ಒಂದೇ ಪದದಲ್ಲಿ ಅದೇ ಅಕ್ಷರ ಎರಡು ಸಲ ಬಂದರೆ ಎರಡೂ ತದ್ರೂಪು. ಮನುಷ್ಯನ ಕೈ ಹಾಗೆ ಬರೆಯುವುದಿಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಇದಕ್ಕೆ ಸುಲಭದ ದಾರಿ ಇರಲಿಲ್ಲ. ಇಂದಿನ ಓಪನ್‌ಟೈಪ್ ಫಾಂಟುಗಳು ಅಕ್ಕಪಕ್ಕದ ಅಕ್ಷರ ನೋಡಿಕೊಂಡು ರೂಪ ಬದಲಿಸಬಲ್ಲವು. ಕೈಬರಹದ ಹೊಸ ಫಾಂಟು ಮಾಡುವವರು ಈ ಸೌಲಭ್ಯವನ್ನು ಬಿಟ್ಟುಕೊಡಬಾರದು.

ಕನ್ನಡದ ವಿನ್ಯಾಸಕಾರರು ಇಲ್ಲಿಂದ ಕಲಿಯಬೇಕಾದದ್ದು ರೂಪಕ್ಕಿಂತ ವಿಧಾನವನ್ನು. ಆಮಂತ್ರಣ ಪತ್ರಿಕೆಯಲ್ಲಿ ಇಂಗ್ಲಿಷಿನ ಸರಾಗ ಬರಹಕ್ಕೆ ಸಾಟಿಯಾಗಲೆಂದು ಕನ್ನಡದ ಮಾಮೂಲಿ ಫಾಂಟನ್ನು ಓರೆ ಮಾಡಿಬಿಟ್ಟರೆ ಅಕ್ಷರಗಳು ವಾಲಿ ನಿಲ್ಲುತ್ತವೆಯೇ ಹೊರತು ಓಡುವುದಿಲ್ಲ. ನಮ್ಮ ಅಕ್ಷರಗಳು ಪಕ್ಕದವುಗಳ ಕೈ ಹಿಡಿಯುವುದಿಲ್ಲ. ಅವುಗಳ ಚಲನೆಯೆಲ್ಲ ತಲೆಕಟ್ಟಿನ ಎಳೆತದಲ್ಲಿ, ಕೊಂಬಿನ ತಿರುವಿನಲ್ಲಿ, ಕೆಳಗಿಳಿಯುವ ಒತ್ತಿನಲ್ಲಿ ಇದೆ. ಎಕ್ಸ್‌ಕೊಫಾನ್ ಕೊಂಡಿಗಳಿಗೆ ಕೊಟ್ಟಷ್ಟು ಗಮನವನ್ನು ಕನ್ನಡದ ಕೈಬರಹದ ಫಾಂಟು ಒತ್ತಕ್ಷರಗಳಿಗೆ ಕೊಡಬೇಕಾಗುತ್ತದೆ.