ನೀರು-ವಜ್ರಗಳ ದೃಷ್ಟಾಂತವೂ ‘ಮೌಲ್ಯ’ ಶಬ್ದದ ಅರ್ಥವೂ

ಅರ್ಥಶಾಸ್ತ್ರದ ಪ್ರವೇಶಗ್ರಂಥಗಳಲ್ಲಿ ನೀರು-ವಜ್ರಗಳ ದೃಷ್ಟಾಂತವು ಪ್ರಸಿದ್ಧವಾದುದು. ನೀರಿಲ್ಲದೆ ಪ್ರಾಣಧಾರಣೆಯಿಲ್ಲ, ಆದರೂ ಅದರ ಬೆಲೆ ಅತ್ಯಲ್ಪ. ವಜ್ರವಿಲ್ಲದೆ ಬಾಳಬಹುದು, ಅದರ ಬೆಲೆಯೋ ಅಪಾರ. ಆಡಮ್ ಸ್ಮಿತ್ತನು ಈ ಒಗಟನ್ನು ಒಡ್ಡಿ ಬಿಡಿಸಲಾರದೆ ಹೋದನೆಂದೂ, ಸುಮಾರು ಒಂದು ಶತಮಾನದ ತರುವಾಯ ಬಂದ ಪಂಡಿತರು ಅದನ್ನು ಬಿಡಿಸಿದರೆಂದೂ ಹೇಳುವುದು ವಾಡಿಕೆಯಾಗಿದೆ. ಮೂಲವನ್ನು ಪರಿಶೀಲಿಸಿದರೆ ಈ ತೀರ್ಪು ಅರ್ಧಸತ್ಯವೆಂದು ಕಂಡುಬರುವುದು.

1776ರಲ್ಲಿ ಪ್ರಕಟವಾದ ‘ರಾಷ್ಟ್ರಗಳ ಸಂಪತ್ತು’ ಎಂಬ ಗ್ರಂಥದ ಪ್ರಥಮ ಭಾಗದ ನಾಲ್ಕನೆಯ ಅಧ್ಯಾಯವು ಹಣದ ಉತ್ಪತ್ತಿಯನ್ನೂ ಬಳಕೆಯನ್ನೂ ಕುರಿತದ್ದು. ಅದರ ಕೊನೆಯಲ್ಲಿ ಗ್ರಂಥಕರ್ತನು ‘ಮೌಲ್ಯ’ ಶಬ್ದಕ್ಕೆ ಎರಡು ಅರ್ಥಗಳನ್ನು ಹೇಳುವನು: ವಸ್ತುವಿನ ಉಪಯೋಗವು ಒಂದು, ಅದನ್ನು ಕೊಟ್ಟು ಬೇರೆ ವಸ್ತುಗಳನ್ನು ಪಡೆಯುವ ಶಕ್ತಿಯು ಮತ್ತೊಂದು. ಈ ಎರಡೂ ಯಾವಾಗಲೂ ಜೊತೆಗೂಡಿರುವುದಿಲ್ಲವೆಂದು ತೋರಿಸುವುದಕ್ಕಾಗಿ ಮಾತ್ರ ನೀರೂ ವಜ್ರವೂ ಅಲ್ಲಿ ಬಂದಿವೆ. ಅವನು ಅದನ್ನು ಒಗಟೆಂದು ಕರೆದೇ ಇಲ್ಲ. ಬೆಲೆಯ ಭೇದಕ್ಕೆ ಕಾರಣವನ್ನು ಅವನು ಅರಿಯದವನೂ ಅಲ್ಲ. ಗ್ಲಾಸ್ಗೋದಲ್ಲಿ ಅವನು ಮಾಡಿದ ಉಪನ್ಯಾಸಗಳನ್ನು ಶಿಷ್ಯನೊಬ್ಬನು ಬರೆದಿಟ್ಟುಕೊಂಡಿದ್ದ ಪ್ರತಿಯನ್ನು ಎಡ್ವಿನ್ ಕ್ಯಾನನ್ 1896ರಲ್ಲಿ ಪ್ರಕಟಿಸಿದನು. ಸಮೃದ್ಧಿಯಿಂದ ನೀರು ಅಗ್ಗವೆಂದೂ ವಿರಳತೆಯಿಂದ ವಜ್ರವು ತುಟ್ಟಿಯೆಂದೂ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಉಳಿದ ಕೊರತೆ ಯಾವುದು? ವಿರಳತೆಯನ್ನೂ ಉಪಯೋಗವನ್ನೂ ಒಂದೇ ಅಳತೆಯೊಳಗೆ ತರುವ ಬಗೆಯನ್ನು ಸ್ಮಿತ್ತನು ತೋರಿಸಲಿಲ್ಲ. 1871ರಲ್ಲಿ ಇಂಗ್ಲೆಂಡಿನ ಜೆವನ್ಸನೂ ಆಸ್ಟ್ರಿಯದ ಮೆಂಗರನೂ, 1874ರಲ್ಲಿ ವಾಲ್ರಾಸನೂ ಪ್ರತ್ಯೇಕವಾಗಿ ಕಂಡುಕೊಂಡ ತತ್ತ್ವವಿದು. ಲೋಕದ ನೀರೆಲ್ಲವನ್ನೂ ವಜ್ರವೆಲ್ಲವನ್ನೂ ತಕ್ಕಡಿಯಲ್ಲಿಟ್ಟು ಆರಿಸಿಕೊಳ್ಳುವವರು ಯಾರೂ ಇಲ್ಲ; ಇನ್ನೊಂದು ಕೊಡ ನೀರು ಬೇಕೆ ಎಂಬುದಷ್ಟೇ ಪ್ರಶ್ನೆ. ಮೊದಲ ಕೊಡವು ಬಾಯಾರಿಕೆಗೆ, ಮುಂದಿನವು ಅಡಿಗೆಗೆ, ಸ್ನಾನಕ್ಕೆ, ಬಟ್ಟೆಗೆ. ಕಟ್ಟಕಡೆಯದು ಅಂಗಳದ ಗಿಡಕ್ಕೆ. ಕೊಡಗಳು ಹೆಚ್ಚಿದಂತೆಲ್ಲ ಕಡೆಯದರಿಂದ ದೊರೆಯುವ ತೃಪ್ತಿ ಕುಗ್ಗುವುದು. ಕೊಳ್ಳುವವನು ಆ ಕಡೆಯ ಕೊಡಕ್ಕೆ ತಕ್ಕಷ್ಟನ್ನು ಮಾತ್ರ ಕೊಡಲು ಒಪ್ಪುವನು. ಮರುಭೂಮಿಯಲ್ಲಿ ಮೊದಲ ಕೊಡವೇ ಕಡೆಯದೂ ಆದಾಗ ವಜ್ರವನ್ನೇ ಕೊಟ್ಟು ನೀರು ಪಡೆಯುವವನು ಅವಿವೇಕಿಯಲ್ಲ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಇಲ್ಲೊಂದು ಎಚ್ಚರಿಕೆ ಅವಶ್ಯಕ. ಈಚಿನ ಶಾಸ್ತ್ರದ ಪರಿಭಾಷೆಗೆ ‘ತುಷ್ಟಿಗುಣ’ವೆಂಬ ಪದವು ಪಠ್ಯಗಳಲ್ಲಿ ರೂಢಿಯಾಗಿದೆ, ಅದು ಆ ಶಾಸ್ತ್ರಕ್ಕೆ ಒಪ್ಪುವ ಪದವೇ ಸರಿ. ಆದರೆ ಅದನ್ನು ಸ್ಮಿತ್ತನ ವಾಕ್ಯಕ್ಕೆ ಹಚ್ಚಿದರೆ ವಾಕ್ಯವೇ ಸುಳ್ಳಾಗುವುದು: ಧರಿಸುವವಳಿಗೆ ವಜ್ರವು ಕೊಡುವ ತುಷ್ಟಿ ಅಲ್ಪವೆಂದು ಯಾರು ಹೇಳಬಲ್ಲರು? ಅವನ ಮಾತಿನಲ್ಲಿದ್ದುದು ಜೀವನಕ್ಕೆ ಒದಗುವ ಪ್ರಯೋಜನ, ಮನಸ್ಸಿನ ತೃಪ್ತಿಯಲ್ಲ. ಆದುದರಿಂದ ಅಲ್ಲಿ ‘ಉಪಯೋಗಮೌಲ್ಯ’, ‘ವಿನಿಮಯಮೌಲ್ಯ’ ಎಂಬ ಪದಗಳೇ ಯುಕ್ತ. ಒಂದು ಕಾಲದ ಶಬ್ದವನ್ನು ಇನ್ನೊಂದು ಕಾಲದ ಅರ್ಥದಿಂದ ಓದಿ, ಆಮೇಲೆ ಗ್ರಂಥಕರ್ತನಲ್ಲಿ ದೋಷವೆಣಿಸುವುದು ಕಾವ್ಯವಿಮರ್ಶೆಯಲ್ಲಿ ಹೇಗೆ ಅನುಚಿತವೋ ಶಾಸ್ತ್ರವಿಮರ್ಶೆಯಲ್ಲಿಯೂ ಹಾಗೆಯೇ ಅನುಚಿತ.