ತಲೆಕಟ್ಟು ಸೆರಿಫ್ ಅಲ್ಲ: ಒಂದು ಹೊಸ ಶಾಸನವನ್ನು ಓದಲಾಗದ ಕಥೆ

ಕಳೆದ ತಿಂಗಳು ತಿಕೋಟಾ, ಬಬಲೇಶ್ವರದ ಕಡೆ ಸುತ್ತುವಾಗ ಹಳೆಯ ಕಲ್ಲೇನಾದರೂ ಇದೆಯೇನೋ ಅಂತ ಒಂದು ಗುಡಿಯ ಮುಂದೆ ಗಾಡಿ ನಿಲ್ಲಿಸಿದೆ. ಹಳೆಯದು ಸಿಗಲಿಲ್ಲ, ಹೊಸದು ಸಿಕ್ತು: ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಟ್ಟವರ ಹೆಸರಿನ ಕರಿ ಗ್ರಾನೈಟ್ ಫಲಕ. ಕಟ್ಟೆ ಮೇಲೆ ಪೇಪರ್ ಓದುತ್ತ ಕೂತಿದ್ದ ಹಿರಿಯರೊಬ್ಬರು, "ಸಾಹೇಬ್ರ, ಅದರಾಗ ನಮ್ಮಪ್ಪನ ಹೆಸರೈತಿ ಅಂತಾರ, ಎಲ್ಲೈತಿ ಸ್ವಲ್ಪ ತೋರಸ್ರಿ" ಅಂದ್ರು. ಪೇಪರ್ ಓದಬಲ್ಲ ಮನುಷ್ಯನಿಗೆ ಆ ಫಲಕ ಓದಲು ಬರಲಿಲ್ಲ. ನನಗೂ ಎರಡು ನಿಮಿಷ ಹಿಡಿಯಿತು.

ತಪ್ಪು ಕಣ್ಣಿನದಲ್ಲ, ಫಾಂಟಿನದು. ಇಂಗ್ಲಿಷಿನ ಅಲಂಕಾರಿಕ ಸೆರಿಫ್ ಅಕ್ಷರಗಳ ವೇಷವನ್ನು ಕನ್ನಡಕ್ಕೆ ತೊಡಿಸಿದ ಅಕ್ಷರಗಳವು. ದಪ್ಪ ಗೆರೆ ಬಹಳ ದಪ್ಪ, ಸಣ್ಣ ಗೆರೆ ಕೂದಲೆಳೆ. ಗೆರೆ ಎಲ್ಲೆಲ್ಲಿ ಮುಗಿಯುತ್ತದೋ ಅಲ್ಲೆಲ್ಲ ಒಂದು ಮೊನೆ ಅಥವಾ ಎಲೆಯಂಥ ಸುರುಳಿ. ದೂರದಿಂದ ನೋಡಿದರೆ ಅರಮನೆಯ ಆಮಂತ್ರಣ, ಹತ್ತಿರ ಹೋದರೆ ಒಗಟು.

ಇಂಗ್ಲಿಷಿನಲ್ಲಿ ಇದು ಯಾಕೆ ನಡೆಯುತ್ತದೆ? ರೋಮಿನಲ್ಲಿ ಕ್ರಿ.ಶ. 113ರ ಟ್ರೇಜನ್ ಸ್ತಂಭದ ಬುಡದಲ್ಲಿ ಒಂದು ಶಾಸನವಿದೆ. ಅದನ್ನು ಆಧರಿಸಿ 1989ರಲ್ಲಿ ಅಡೋಬಿಗಾಗಿ ಕರೋಲ್ ಟ್ವಾಂಬ್ಲಿ 'ಟ್ರೇಜನ್' ಫಾಂಟ್ ರೂಪಿಸಿದರು. ಸಿನಿಮಾ ಪೋಸ್ಟರುಗಳಲ್ಲಿ ನೀವೆಲ್ಲ ನೋಡಿರುತ್ತೀರಿ. ಅದರ ಒಂದು ಅಕ್ಷರದ ಸೆರಿಫ್ ಕತ್ತರಿಸಿ ಹಾಕಿ, ಓದು ಬದಲಾಗುವುದಿಲ್ಲ. ಅಲ್ಲಿ ಸೆರಿಫ್ ಅಕ್ಷರದ ಆಭರಣ, ಅಂಗವಲ್ಲ.

ಕನ್ನಡದ ತಲೆಕಟ್ಟು ಹಾಗಲ್ಲ. ತಲೆಕಟ್ಟು ಇದ್ದರೆ 'ಕ'. ಅದು ಹೋಗಿ ಗುಡಿಸು ಬಂದರೆ 'ಕಿ', ಎತ್ವ ಬಂದರೆ 'ಕೆ'. ಅಂದರೆ ತಲೆಕಟ್ಟು ಸ್ವರದ ಲೆಕ್ಕ ಇಡುತ್ತದೆ. ಈ ಫಲಕದಲ್ಲಿ ತಲೆಕಟ್ಟಿನ ಬಲತುದಿಯನ್ನು ಸುರುಳಿ ಮಾಡಿದ್ದರಿಂದ 'ಕ' ನೋಡಿದರೆ 'ಕೆ' ಅನ್ನಿಸುತ್ತದೆ. ಇನ್ನು ಅಕ್ಷರದ ಬುಡದ ಮೊನೆ. ನಮ್ಮಲ್ಲಿ 'ಪ'ದ ಬುಡಕ್ಕೆ ಒಂದು ಸೀಳು ಬಿದ್ದರೆ 'ಫ', 'ಬ'ಕ್ಕೆ ಬಿದ್ದರೆ 'ಭ', 'ದ'ಕ್ಕೆ ಬಿದ್ದರೆ 'ಧ'. ಸೆರಿಫ್ ಅಂತ ಇಟ್ಟ ಮೊನೆಯೇ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿಬಿಡುತ್ತದೆ. ನಮ್ಮ ಊರುಗಳ ಹೆಸರನ್ನೇ ಇದಕ್ಕೆ ಪರೀಕ್ಷೆ ಮಾಡಿಕೊಳ್ಳಿ. 'ವಿಜಯಪುರ'ದಲ್ಲಿ ವಿ ಗುಡಿಸಿನದು, ಜಕ್ಕೆ ತಲೆಕಟ್ಟೇ ಇಲ್ಲ, ಉಳಿದ ಮೂರಕ್ಕೆ ಇದೆ. ಆ ಫಲಕದಲ್ಲಿ ಐದಕ್ಕೂ ಒಂದೇ ಥರದ ಟೋಪಿ, ಸಾಲದ್ದಕ್ಕೆ ಊರು 'ವಿಜಯಫುರ'. 'ಬಬಲೇಶ್ವರ' ಹೋಗಿ 'ಭಭಲೇಶ್ವರ'. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರ ಆಯಿತು. ಹೆಸರು ತಿದ್ದಿಕೊಂಡ ಊರಿನವರು ನಾವು, ಕಲ್ಲಿನ ಮೇಲೆ ಅದನ್ನು ಮತ್ತೆ ಕೆಡಿಸಿಕೊಳ್ಳಬಾರದು.

ಹಾಗಂತ ನಾನು ಅಲಂಕಾರದ ವಿರೋಧಿಯಲ್ಲ. ಕದಂಬರ ತಾಳಗುಂದ ಸ್ತಂಭಶಾಸನ ನೋಡಿ. ಕವಿ ಕುಬ್ಜ ತಾನೇ ರಚಿಸಿ ತಾನೇ ಕಲ್ಲಿಗೆ ಇಳಿಸಿದ್ದು. ಅದು ಪೆಟ್ಟಿಗೆ ತಲೆಯ ಲಿಪಿ, ಅಕ್ಷರದ ನೆತ್ತಿಯ ಮೇಲೆ ಪುಟ್ಟ ಚೌಕ. ಸೆರಿಫ್ ಅನ್ನುವುದಾದರೆ ಅದೇ ನಮ್ಮ ಸೆರಿಫ್. ಆದರೆ ಅದರ ಜಾಗ ನೆತ್ತಿ. ಸಿಕ್ಕ ಸಿಕ್ಕ ತುದಿಗೆಲ್ಲ ಅಂಟಿಸಿದ್ದಲ್ಲ.

ನಮ್ಮ ಊರಲ್ಲೇ ಇಬ್ರಾಹಿಂ ರೋಜಾದ ಕಿಟಕಿಗಳಿವೆ. ಕಲ್ಲನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದು, ನಡುವಿನ ಸಂದಿಯಲ್ಲಿ ಬೆಳಕು ಬಿಟ್ಟಿದ್ದಾರೆ. ಇಂಜಿನಿಯರ್ ಕಣ್ಣಿಗೆ ಅದು ಬೆರಗು: ಒಂದಕ್ಕೊಂದು ತಾಗಿದ ಅಕ್ಷರಗಳೇ ಜಾಲಿಯನ್ನು ಹಿಡಿದು ನಿಲ್ಲಿಸಿವೆ. ಓದಲು ಕಷ್ಟ ಅನ್ನಬಹುದು, ನಿಜ. ಆದರೆ ಧರ್ಮಗ್ರಂಥದ ವಾಕ್ಯ ಓದುಗನಿಗೆ ಮೊದಲೇ ಬಾಯಿಪಾಠ. ದಾನಿಯ ಹೆಸರು ಯಾರಿಗೂ ಬಾಯಿಪಾಠ ಇರುವುದಿಲ್ಲ, ಅದನ್ನು ಕಲ್ಲೇ ಹೇಳಬೇಕು.

ಇನ್ನು ಕಲ್ಲಿನ ಮಾತು. 30 ಮಿ.ಮೀ. ಎತ್ತರದ ಅಕ್ಷರದಲ್ಲಿ ಕೂದಲೆಳೆ ಗೆರೆ 1 ಮಿ.ಮೀ. ಬರಬಹುದು. ದಪ್ಪ ಹರಳಿನ ಗ್ರಾನೈಟಿನಲ್ಲಿ ಒಂದೊಂದು ಹರಳೇ ಅದಕ್ಕಿಂತ ದೊಡ್ಡದು. ಕೊರೆಯುವಾಗ ಅಂಚು ಚಕ್ಕೆ ಏಳುತ್ತದೆ. ಮೇಲುಮೇಲೆ ಕೊರೆದು ಬಂಗಾರದ ಬಣ್ಣ ತುಂಬಿದರೆ, ಬಣ್ಣ ಹೋದ ದಿನ ಅಕ್ಷರವೂ ಹೋಯಿತು. ಹಳೆಯ ಶಾಸನ ಬಣ್ಣದಿಂದ ಉಳಿದಿಲ್ಲ, ಆಳದಿಂದ ಉಳಿದಿದೆ. ಓರೆ ಬಿಸಿಲು ಬಿದ್ದರೆ ನೆರಳೇ ಅಕ್ಷರ ತೋರಿಸುತ್ತದೆ.

ಆದ್ದರಿಂದ ಫಲಕ ಮಾಡಿಸುವವರಿಗೆ ನನ್ನದೊಂದು ಸಣ್ಣ ವಿನಂತಿ. ಶೀರ್ಷಿಕೆಗೆ ಬೇಕಾದ ಅಲಂಕಾರ ಮಾಡಿಸಿ, ಹೆಸರುಗಳಿಗೆ ಬೇಡ. ಕೊರೆಯುವ ಮೊದಲು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಊರಿನ ಹಿರಿಯರ ಕೈಗೆ ಕೊಟ್ಟು ಓದಿಸಿ. ಒತ್ತಕ್ಷರ, ದೀರ್ಘ ಸರಿಯಾಗಿ ಕಂಡವೇ ಕೇಳಿ. ಕೊರೆದ ಮೇಲೆ ಬಣ್ಣ ತುಂಬುವ ಮುಂಚೆ ಒಂದು ಪಡಿಯಚ್ಚು ತೆಗೆದು ನೋಡಿ. ಅದರಲ್ಲಿ ಮೂಡದ ಗೆರೆ ಮೊಮ್ಮಕ್ಕಳ ಕಾಲಕ್ಕೂ ಮೂಡುವುದಿಲ್ಲ.

ಅಂದು ಹಿರಿಯರ ಬೆರಳು ಹಿಡಿದು ಅವರ ಅಪ್ಪನ ಹೆಸರಿನ ಮೇಲೆ ಇಟ್ಟೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇದೇನ್ರಿ? ಇರ್ಲಿ ಬಿಡ್ರಿ, ನೀವು ಓದಿದ್ರಲ್ಲ" ಅಂದ್ರು. ನನಗೆ ಸಮಾಧಾನ ಆಗಲಿಲ್ಲ. ಹತ್ತು ಶತಮಾನ ಹಿಂದಿನ ದಾನಿಯ ಹೆಸರನ್ನು ಹುಡುಕಿ ಓದುವುದು ನಮ್ಮ ಹವ್ಯಾಸ, ಸರಿ. ಹೋದ ವರ್ಷದ ದಾನಿಯನ್ನೂ ಹಾಗೇ ಹುಡುಕುವಂತಾಗಬಾರದು.